ಹೆಸರು ಕೇಳದ ಬಾನುಲಿ

ಒಂದು ಕಲೆ ಅಳಿಯುವುದಕ್ಕೂ ಅದರ ಉಪಕರಣ ಅಳಿಯುವುದಕ್ಕೂ ವ್ಯತ್ಯಾಸವುಂಟು. ತಾಳೆಗರಿ ಹೋಯಿತು, ಕಾವ್ಯ ಉಳಿಯಿತು. ಪಂಜಿನ ಬೆಳಕು ಹೋಯಿತು, ಬಯಲಾಟ ಉಳಿಯಿತು. ಆದ್ದರಿಂದ ಬಾನುಲಿಯ ಮಧ್ಯಮ ತರಂಗ ಕ್ಷೀಣಿಸುತ್ತಿದೆ, ಅದರ ಸ್ಥಾನಕ್ಕೆ ಡಿಜಿಟಲ್ ಪ್ರಸಾರ ಬರುತ್ತಿದೆ ಎಂಬ ಮಾತನ್ನು ಕೇಳಿದೊಡನೆ ಹಳೆಯ ಕಾಲವನ್ನು ನೆನೆದು ನಿಟ್ಟುಸಿರಿಡುವುದು ವಿಮರ್ಶೆಯಾಗಲಾರದು. ಬಾನುಲಿ ಎಂಬುದು ಬರಿಯ ಉಪಕರಣವೋ, ಒಂದು ಕಲೆಯೋ, ಅಥವಾ ಅವೆರಡಕ್ಕೂ ಮಿಗಿಲಾದ ಒಂದು ಸಂಬಂಧವೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಅಳಿಯುತ್ತಿರುವುದು ಯಾವುದು, ಉಳಿಯಬೇಕಾದದ್ದು ಯಾವುದು ಎಂಬುದು ಆಮೇಲೆ ತಿಳಿದೀತು.

ಈ ಪ್ರಶ್ನೆಯನ್ನು ಬೆಂಗಳೂರಿನ ನಡುಮನೆಯಲ್ಲಿ ಕುಳಿತು ಕೇಳುವುದಕ್ಕಿಂತ ಮಾಲೂರಿನಲ್ಲಿ ನಿಂತು ಕೇಳುವುದು ಲೇಸು. ಮಾಲೂರು ರಾಜಧಾನಿಗೆ ಸುಮಾರು 45 ಕಿಲೋಮೀಟರು ದೂರದ ಊರು. ಹೆಂಚಿಗೂ ಇಟ್ಟಿಗೆಗೂ ಹೆಸರಾದದ್ದು. ತಾಲ್ಲೂಕಿನ ಒಂದು ಮಗ್ಗುಲಿಗೆ ತಮಿಳುನಾಡು; ಜಿಲ್ಲೆಯ ಇನ್ನೊಂದು ಕೊನೆಯಲ್ಲಿ, ಮುಳಬಾಗಿಲು ಶ್ರೀನಿವಾಸಪುರಗಳಾಚೆಗೆ, ಆಂಧ್ರ. ಇಲ್ಲಿ ಮನೆಯೊಳಗೆ ತೆಲುಗು, ಸಂತೆಯಲ್ಲಿ ಎರಡು ಮೂರು ಭಾಷೆ, ಶಾಲೆಯಲ್ಲಿ ಕನ್ನಡ ಎಂಬುದು ಸರ್ವಸಾಧಾರಣವಾದ ಸಂಗತಿ. ಕನ್ನಡ ಇಲ್ಲಿ ತಾಯ ಮಡಿಲಲ್ಲಿ ಕಲಿತ ಮಾತಾಗಿರುವಂತೆಯೇ ಊರೊಟ್ಟಿನ ಮಾತಾಗಿಯೂ ಇದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹೆಸರಿನೊಡನೆ ಸೇರಿಕೊಂಡ ಮಾಸ್ತಿ ಗ್ರಾಮ ಇರುವುದು ಇದೇ ತಾಲ್ಲೂಕಿನಲ್ಲಿ. ಮನೆಮಾತು ತಮಿಳಾಗಿದ್ದ ಅವರು ಎದುರಿಗೆ ಕುಳಿತವರೊಡನೆ ಮಾತನಾಡುವಂಥ ತಿಳಿಗನ್ನಡದಲ್ಲಿ ಕಥೆ ಹೇಳಿದರು. ಗಡಿನಾಡಿನಲ್ಲಿ ಭಾಷೆ ಉಳಿಯುವುದು ಇಂಥ ಹೇಳುವಿಕೆ ಕೇಳುವಿಕೆಗಳಿಂದ. ಬಾನುಲಿ ಮಾಡಿದ ಕೆಲಸವೂ ಇದೇ ಜಾತಿಯದು.

ಬಾನುಲಿಗೆ ಇಂದು ದೇಶವೆಲ್ಲ ಬಳಸುವ ಹೆಸರು ಕನ್ನಡನಾಡಿನಿಂದ ಹೋದದ್ದೆಂಬುದನ್ನು ವಾಚಕರು ಬಲ್ಲರು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂಬುದು ಪ್ರಸಿದ್ಧ. ಒಬ್ಬ ಮೇಷ್ಟರ ಹವ್ಯಾಸವಾಗಿ ಹುಟ್ಟಿದ ಕೇಂದ್ರ ಸಂಸ್ಥಾನದ ಆಶ್ರಯಕ್ಕೆ ಬಂದು, 1950ರಲ್ಲಿ ಕೇಂದ್ರ ಸರ್ಕಾರದ ವಶವಾಗಿ, 1955ರಲ್ಲಿ ಬೆಂಗಳೂರಿಗೆ ಬಂದಿತು. ಧಾರವಾಡದ ಕೇಂದ್ರ 1950ರ ಜನವರಿಯಲ್ಲಿಯೇ ಆರಂಭವಾಗಿತ್ತು. ಎಷ್ಟೋ ಕಾಲ ಇಂಗ್ಲಿಷ್ ಹೆಸರಿನ ಜೊತೆಗೆ ನಡೆದುಬಂದ ‘ಆಕಾಶವಾಣಿ’ಯನ್ನೇ ಇನ್ನು ಮುಂದೆ ಏಕಮಾತ್ರ ನಾಮವಾಗಿ ಬಳಸಬೇಕೆಂದು 2023ರಲ್ಲಿ ಆಜ್ಞೆಯಾಯಿತು. ಹೆಸರಿಗೆ ಪೂರ್ಣ ಪಟ್ಟಾಭಿಷೇಕವಾದ ಕಾಲಕ್ಕೇ ಆ ಹೆಸರನ್ನು ಹೊತ್ತು ಊರೂರು ತಿರುಗಿದ ಅಲೆಗೆ ಮುಪ್ಪು ಅಡರಿದ್ದು ವಿಧಿಯ ವಿನೋದವೆನ್ನಬೇಕು.

ಈ ಅಲೆ ಕನ್ನಡಕ್ಕೆ ಮಾಡಿದ್ದೇನು? ಸಭೆಯಲ್ಲಿ ಭಾಷಣ ಮಾಡುವವನಿಗೆ ಎದುರಿನ ಮುಖಗಳ ಆಸರೆಯುಂಟು. ತಲೆದೂಗಿದರೆ ಬೆಳೆಸುತ್ತಾನೆ, ಆಕಳಿಸಿದರೆ ಮುಗಿಸುತ್ತಾನೆ. ಪುಸ್ತಕ ಓದುವವನಿಗೆ ಅರ್ಥವಾಗದಿದ್ದರೆ ಹಿಂದಿನ ಪುಟವನ್ನು ತಿರುವುವ ಸೌಕರ್ಯವುಂಟು. ಬಾನುಲಿಯಲ್ಲಿ ಇವೆರಡೂ ಇಲ್ಲ. ಆಡಿದ ಮಾತು ಒಂದೇ ಸಲಕ್ಕೆ, ಕಿವಿಯೊಂದರಿಂದಲೇ, ಮನಸ್ಸಿಗೆ ಇಳಿಯಬೇಕು. ಕೇಳುವವನು ವಕೀಲನೋ, ಹೆಂಚಿನ ಕಾರ್ಖಾನೆಯ ಕಾವಲಿನವನೋ, ಸೊಪ್ಪು ಕತ್ತರಿಸಿ ರೇಷ್ಮೆಹುಳುವಿಗೆ ಹಾಕುತ್ತಿರುವ ಗೃಹಿಣಿಯೋ ಆಡುವವನಿಗೆ ತಿಳಿಯದು. ತಿಳಿಯದ್ದರಿಂದಲೇ ಅವನು ಎಲ್ಲರಿಗೂ ಸಲ್ಲುವ ಮಾತನ್ನು ಹುಡುಕಬೇಕಾಯಿತು. ಸಮಾಸಗಳನ್ನು ಬಿಡಿಸಿ, ವಾಕ್ಯವನ್ನು ಮೊಟಕಾಗಿಸಿ, ಉಚ್ಚಾರಣೆಯನ್ನು ತಿದ್ದಿ, ಕನ್ನಡ ಗದ್ಯ ಅಲ್ಲಿ ಒಂದು ಶಿಸ್ತನ್ನು ಕಲಿಯಿತು. ಎ. ಎನ್. ಮೂರ್ತಿರಾಯರಂಥ ಪ್ರಬಂಧಕಾರರು 1940ರ ದಶಕದಲ್ಲಿ ಮೈಸೂರು ಕೇಂದ್ರದಲ್ಲಿ ಅಧಿಕಾರಿಗಳಾಗಿದ್ದದ್ದು ಆಕಸ್ಮಿಕವಿರಬಹುದು; ಆದರೆ ಹಗುರವಾಗಿ ಆಡಿ ಗಂಭೀರವಾದದ್ದನ್ನು ಹೇಳುವ ಪ್ರಬಂಧಕ್ಕೂ ಬಾನುಲಿಯ ಭಾಷಣಕ್ಕೂ ಇರುವ ನಂಟು ಆಕಸ್ಮಿಕವಲ್ಲ. ಕಣ್ಣಿಗೆ ಕಾಣದ ರಂಗಸ್ಥಳವನ್ನು ಬಾಗಿಲ ಕಿರುಗುಟ್ಟುವಿಕೆಯಿಂದ, ಹೆಜ್ಜೆಯ ಸಪ್ಪಳದಿಂದ ಕಟ್ಟಿದ ಬಾನುಲಿ ನಾಟಕವೂ, ಕವಿತೆಯನ್ನು ಓದಲಾರದವರ ನಾಲಗೆಗೂ ತಂದ ಸುಗಮ ಸಂಗೀತವೂ ಇದೇ ಶಿಸ್ತಿನ ಮಕ್ಕಳು. ‘ಪ್ರದೇಶ ಸಮಾಚಾರ’ವನ್ನು ಕೇಳುತ್ತ ಬೆಳೆದ ಗಡಿನಾಡಿನ ಹುಡುಗನಿಗೆ ಶಾಲೆಯ ಕನ್ನಡಕ್ಕೂ ಬೀದಿಯ ಕನ್ನಡಕ್ಕೂ ನಡುವೆ ಮೂರನೆಯದೊಂದು ಕನ್ನಡ ದೊರೆಯಿತು.

ಹಾಗೆಂದು ಆ ಕಾಲವನ್ನೆಲ್ಲ ಚಿನ್ನದ ತಗಡಿನಲ್ಲಿ ಸುತ್ತಿಡಬೇಕಾಗಿಲ್ಲ. ಬಾನುಲಿ ಬಹುಕಾಲ ಸರ್ಕಾರದ ಬಾಯಾಗಿತ್ತು. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಬಾಯಿ ಮಾತ್ರವಾಗಿತ್ತು, ಕಿವಿ ಇರಲಿಲ್ಲ. 1952ರಲ್ಲಿ ಮಂತ್ರಿಗಳಾದ ಬಿ. ವಿ. ಕೇಸ್ಕರರು ಜನರ ಅಭಿರುಚಿಯನ್ನು ಮೇಲೆತ್ತುವ ಸದುದ್ದೇಶದಿಂದ ಚಲನಚಿತ್ರ ಗೀತೆಗಳಿಗೆ ಕಡಿವಾಣ ಹಾಕಿದರು. ಜನ ಮೇಲೇಳದೆ ಮುಳ್ಳನ್ನು ರೇಡಿಯೋ ಸಿಲೋನಿನ ಕಡೆಗೆ ತಿರುಗಿಸಿದರು. 1957ರಲ್ಲಿ ವಿವಿಧಭಾರತಿ ಹುಟ್ಟಿದ್ದು ಈ ಪಾಠವನ್ನು ಕಲಿತಮೇಲೆ. ಕೇಂದ್ರಗಳ ಕನ್ನಡವೂ ಬಹಳ ದಿನ ಮಡಿಯುಟ್ಟ ಕನ್ನಡವೇ ಆಗಿತ್ತು. ಕೋಲಾರದ ಸೀಮೆಯ ತೆಲುಗು ಬೆರೆತ ನುಡಿಗೆ ಅಲ್ಲಿ ಪ್ರವೇಶ ಸಿಕ್ಕಿದ್ದು ಹಾಸ್ಯ ಪಾತ್ರಗಳ ಬಾಯಲ್ಲಿ. ಆದರೂ ಒಂದು ಮಾತು ಗಮನಾರ್ಹ. ಮಂತ್ರಿಗಳಿಗೆ ಬೇಡವಾದ ಹಾಡನ್ನು ಜನ ಕೇಳಬಲ್ಲವರಾದದ್ದು ಹೇಗೆ? ಮುಳ್ಳು ತಿರುಗಿಸುವ ಕೈ ಕೇಳುಗನದಾಗಿತ್ತು. ಅವನು ಎಲ್ಲಿಗೆ ತಿರುಗಿಸಿದನೆಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೆಟ್ಟಿಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಾಗಿದ್ದ ಕಾಲದಲ್ಲಿಯೂ ಏನು ಕೇಳಿದೆಯೆಂದು ಯಾರೂ ವಿಚಾರಿಸಲಿಲ್ಲ.

ಇನ್ನು ಅಲೆಯ ವಿಚಾರ. ಎ.ಎಂ. ಎನ್ನುವ ಪದ್ಧತಿಯಲ್ಲಿ ಧ್ವನಿಗೆ ತಕ್ಕಂತೆ ಅಲೆಯ ಎತ್ತರವನ್ನು ಏರಿಳಿಸುತ್ತಾರೆ. ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಸಿನ ಅಲೆಯೊಂದರ ಉದ್ದ ಸುಮಾರು 490 ಮೀಟರು. ಇಂಥ ನೀಳವಾದ ಅಲೆ ಹಗಲಿನಲ್ಲಿ ನೆಲವನ್ನು ಸವರಿಕೊಂಡು, ಗುಡ್ಡವನ್ನು ಬಳಸಿಕೊಂಡು ಹೋಗುತ್ತದೆ. ರಾತ್ರಿ ವಾಯುಮಂಡಲದ ಮೇಲ್ಪದರಕ್ಕೆ ತಾಗಿ ನೂರಾರು ಮೈಲಿಯಾಚೆಗೆ ಇಳಿಯುತ್ತದೆ. ಮಾಲೂರಿನ ಟ್ರಾನ್ಸಿಸ್ಟರಿನಲ್ಲಿ ರಾತ್ರಿಯ ಹೊತ್ತು ಮದರಾಸು, ಹೈದರಾಬಾದು, ವಿಜಯವಾಡಗಳು ಬೆಂಗಳೂರಿನ ಪಕ್ಕದಲ್ಲಿಯೇ ಬಂದು ಕುಳಿತುಕೊಳ್ಳುತ್ತಿದ್ದದ್ದು ಹೀಗೆ. ಎಫ್.ಎಂ. ಧ್ವನಿ ಸ್ವಚ್ಛ, ಸಂಗೀತಕ್ಕೆ ಸೊಗಸು; ಆದರೆ ಆ ಅಲೆ ಹೆಚ್ಚುಕಡಿಮೆ ನೋಟದ ಗೆರೆಯಲ್ಲಿ ಸಾಗತಕ್ಕದ್ದು, ಬೆಟ್ಟದ ಮರೆಯಾದರೆ ಸೊರಗುತ್ತದೆ. ಅಂತರಗಂಗೆಯ ಬೆಟ್ಟದ ಆಚೆಬದಿಗೆ ಈ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಧ್ಯಮ ತರಂಗಕ್ಕೆ ಬಂದ ರೋಗವೂ ನಿಜವೇ. ಪ್ರಸಾರ ಯಂತ್ರ ಚೆಲ್ಲುವ ಶಕ್ತಿಯಲ್ಲಿ ಕಡಮೆಯೆಂದರೂ ಮೂರರಲ್ಲಿ ಎರಡು ಪಾಲು, ಯಾವ ಮಾತನ್ನೂ ಹೊರದ ವಾಹಕ ಅಲೆಗೇ ವೆಚ್ಚವಾಗುತ್ತದೆ. ವಿದ್ಯುತ್ತಿನ ಬಿಲ್ಲು ದೊಡ್ಡದು, ಕಂಬಕ್ಕೆ ಬೇಕಾದ ನೆಲ ವಿಶಾಲ, ಹಳೆಯ ಯಂತ್ರಗಳಿಗೆ ಬಿಡಿಭಾಗ ದುರ್ಲಭ. ಕೇಳುವ ಕಡೆಗೂ ಶತ್ರುಗಳು ಹುಟ್ಟಿಕೊಂಡರು. ಎಲ್‌ಇಡಿ ದೀಪ, ಮೊಬೈಲಿನ ಚಾರ್ಜರು, ಯುಪಿಎಸ್ಸು, ಒಂದೊಂದೂ ತನ್ನ ಪಾಲಿನ ಕರಕರ ಸದ್ದನ್ನು ಈ ಅಲೆಗೆ ಬೆರೆಸುತ್ತದೆ. ಮನೆಯಲ್ಲಿ ಬೆಳಕು ಹೆಚ್ಚಿದಷ್ಟೂ ಬಾನುಲಿಗೆ ಕತ್ತಲೆ. ಊರಿನ ವಿದ್ಯುತ್ತು ಹೋದ ಗಳಿಗೆಯಲ್ಲಿ ಮಾತ್ರ ಹಳೆಯ ಸೆಟ್ಟು ಹಳೆಯಂತೆ ನುಡಿಯುತ್ತದೆ.

ಇದಕ್ಕೆ ಮದ್ದಾಗಿ ನಮ್ಮ ದೇಶ ಆರಿಸಿಕೊಂಡದ್ದು ಡಿ.ಆರ್.ಎಂ. ಎಂಬ ಡಿಜಿಟಲ್ ಪದ್ಧತಿ. ಆಕಾಶವಾಣಿ 35 ಮಧ್ಯಮ ತರಂಗ ಪ್ರಸಾರ ಯಂತ್ರಗಳನ್ನು ಇದಕ್ಕೆ ಅಳವಡಿಸಿತು. ಬೆಂಗಳೂರು ಧಾರವಾಡಗಳೂ ಅವುಗಳಲ್ಲಿ ಸೇರಿದವು. ಗುಣಗಳು ಸಾಮಾನ್ಯವಾದವಲ್ಲ. ಅದೇ ಅಲೆಯ ಹರವಿನಲ್ಲಿ, ಕಡಮೆ ಶಕ್ತಿಯಿಂದ, ಕರಕರೆಯಿಲ್ಲದ ಧ್ವನಿ. ಒಂದರ ಜಾಗದಲ್ಲಿ ಎರಡು ಕಾರ್ಯಕ್ರಮ. ಅದರೊಡನೆ ಬರಹದ ಸುದ್ದಿ. ವಿಪತ್ತಿನ ಸಮಯದಲ್ಲಿ ಸೆಟ್ಟನ್ನು ಎಚ್ಚರಿಸುವ ವ್ಯವಸ್ಥೆ. ಹಾಗಾದರೆ ತೊಡಕೆಲ್ಲಿ? ಹಳೆಯ ಅಲೆಯನ್ನು ಹಿಡಿಯಲು ಒಂದು ಹರಳು, ಒಂದು ತಂತಿ, ಒಂದು ಇಯರ್‌ಫೋನು ಸಾಕಾಗಿತ್ತು. ಪ್ರೌಢಶಾಲೆಯ ಹುಡುಗರು ಬ್ಯಾಟರಿಯೂ ಇಲ್ಲದ ಸೆಟ್ಟುಗಳನ್ನು ಕಟ್ಟಿದ್ದುಂಟು. ಹೊಸದನ್ನು ಹಿಡಿಯಲು ಲೆಕ್ಕ ಮಾಡುವ ಯಂತ್ರವೇ ಬೇಕು. ಕೆಲವು ಹೊಸ ಕಾರುಗಳಲ್ಲಿ ಅದು ಬಂದಿದೆ. ಊರಿನ ರೇಡಿಯೋ ಅಂಗಡಿಗೆ ಬಡವನ ಬೆಲೆಯಲ್ಲಿ ಬಂದಿಲ್ಲ. ಸ್ವಭಾವದಲ್ಲಿಯೂ ಭೇದವಿದೆ. ಹಳೆಯ ಅಲೆ ಸೊರಗುತ್ತ ಸೊರಗುತ್ತ, ಗದ್ದಲದ ನಡುವೆಯೂ ನಾಲ್ಕು ಮಾತನ್ನು ಕಿವಿಗೆ ಮುಟ್ಟಿಸುತ್ತದೆ. ಹೊಸದು ಒಂದು ಮಿತಿಯವರೆಗೆ ಸ್ಫಟಿಕ. ಅದರಾಚೆಗೆ ಪೂರ್ಣ ಮೌನ. ಒಂದು ಮುದುಕನಂತೆ ತೊದಲಿಯಾದರೂ ಹೇಳುತ್ತದೆ. ಇನ್ನೊಂದು ಅಧಿಕಾರಿಯಂತೆ ಬಾಗಿಲು ಮುಚ್ಚುತ್ತದೆ.

ಇಷ್ಟಾದರೂ ಈ ಲೇಖಕನ ಆಕ್ಷೇಪಣೆ ಡಿ.ಆರ್.ಎಂ. ಮೇಲಲ್ಲ. ‘ಡಿಜಿಟಲ್’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆಬೇರೆ ಸಂಗತಿಗಳನ್ನು ಕಟ್ಟಿಹಾಕುತ್ತಿರುವುದರ ಮೇಲೆ. ಡಿ.ಆರ್.ಎಂ. ಬಿತ್ತನೆಯೇ: ಕಂಬದಿಂದ ಹೊರಟ ಅಲೆ ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಅಷ್ಟೇ ಖರ್ಚಿನದು, ಯಾರು ಕೇಳಿದರೆಂದು ಅದಕ್ಕೆ ತಿಳಿಯದು. ಮೊಬೈಲಿನ ಆ್ಯಪಿನಲ್ಲಿ ಬರುವ ಬಾನುಲಿ ಬಿತ್ತನೆಯಲ್ಲ, ಬಟವಾಡೆ: ಒಬ್ಬೊಬ್ಬ ಕೇಳುಗನಿಗೂ ಪ್ರತ್ಯೇಕವಾಗಿ ಕಟ್ಟಿ ಕಳಿಸಿದ್ದು. ಅಲ್ಲಿ ವಿಳಾಸ ಬೇಕು, ಡೇಟಾ ಪ್ಯಾಕು ಬೇಕು. ಯಾವ ಗಳಿಗೆಯಲ್ಲಿ ಕೇಳಿದ, ಯಾವ ಗಳಿಗೆಯಲ್ಲಿ ಬಿಟ್ಟ ಎಂಬ ಲೆಕ್ಕ ಎಲ್ಲಿಯೋ ಬರೆದಿಡಲು ಬರುತ್ತದೆ. ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ ಹೊರತಂದ ಇಂಥ ಒಂದು ವೇದಿಕೆಯ ಹೆಸರು ‘ವೇವ್ಸ್’, ಎಂದರೆ ಅಲೆಗಳು. ಹೆಸರಿನಲ್ಲಿ ಅಲೆಯಿದೆ, ಇಂಟರ್‌ನೆಟ್ಟಿನ ಸಂಪರ್ಕವಿಲ್ಲದವನಿಗೆ ಅದು ಹೆಸರಿನಲ್ಲಿ ಮಾತ್ರ ಇದೆ. ವಿದೇಶದಲ್ಲಿರುವ ಕನ್ನಡಿಗನಿಗೆ, ಬಿಟ್ಟ ಕಾರ್ಯಕ್ರಮವನ್ನು ಮತ್ತೆ ಕೇಳಬೇಕೆನ್ನುವವನಿಗೆ ಇದು ದೊಡ್ಡ ಉಪಕಾರ. ಆದರೆ ಉಪಕಾರ ಬೇರೆ, ಬದಲಿ ಬೇರೆ. ಕೇಳುಗನ ಲೆಕ್ಕ ಸಿಕ್ಕಿದಮೇಲೆ ಆಡುವವನ ಮಾತೂ ಬದಲಾಗುತ್ತದೆ: ಎಲ್ಲರಿಗೂ ಸಲ್ಲುವ ಮಾತನ್ನು ಹುಡುಕುವ ಕಷ್ಟ ತಪ್ಪಿ, ಅವನವನಿಗೆ ರುಚಿಸಿದ್ದನ್ನೇ ಅವನವನಿಗೆ ಬಡಿಸುವ ಸುಲಭೋಪಾಯ ಸಿಗುತ್ತದೆ. ಆಗ ತೆಲುಗು ಮನೆಯ ಕಿವಿಗೆ ಕನ್ನಡ ತಾನಾಗಿ ಬೀಳುವ ಸಂದರ್ಭವೇ ಉಳಿಯದು.

ಹೊರದೇಶಗಳು ಈ ದಾರಿಯಲ್ಲಿ ಮುಂದೆ ಹೋಗಿವೆ. ಐರ್ಲೆಂಡು 2023ರಲ್ಲಿ ತನ್ನ ದೀರ್ಘ ತರಂಗವನ್ನು ನಿಲ್ಲಿಸಿತು. ನಾರ್ವೆ 2017ರಲ್ಲಿ ರಾಷ್ಟ್ರೀಯ ಎಫ್.ಎಂ. ಪ್ರಸಾರವನ್ನೂ ಕೈಬಿಟ್ಟಿತು, ಆದರೆ ಆಪಿಗೆ ಹೋಗಲಿಲ್ಲ, ಡಿಜಿಟಲ್ ಬಿತ್ತನೆಗೆ ಹೋಯಿತು. ಅಮೆರಿಕದಲ್ಲಿ ಹೊಸ ಕಾರುಗಳಿಂದ ಎ.ಎಂ. ಬಾನುಲಿಯನ್ನು ತೆಗೆಯಕೂಡದೆಂದು 2023ರಲ್ಲಿ ಮಸೂದೆಯನ್ನೇ ಮಂಡಿಸಿದರು. ಬಿರುಗಾಳಿ ಪ್ರವಾಹಗಳಲ್ಲಿ ಮೊಬೈಲಿನ ಗೋಪುರ ಬಿದ್ದಮೇಲೆ ನುಡಿಯುವುದು ಅದೇ ಎಂಬುದು ಅವರ ವಾದ. ನಮ್ಮಲ್ಲಿ ಖಾಸಗಿ ಡಿಜಿಟಲ್ ಬಾನುಲಿಯ ನೀತಿಗಾಗಿ 2024ರಲ್ಲಿ ಟ್ರಾಯ್ ಸಂಸ್ಥೆ ಅಭಿಪ್ರಾಯಗಳನ್ನು ಕೇಳಿತು. ಆ ಯೋಜನೆ ಮೊದಲು ಎಣಿಸಿದ್ದು 13 ದೊಡ್ಡ ನಗರಗಳನ್ನು. ವ್ಯಾಪಾರದ ದೃಷ್ಟಿಯಿಂದ ಇದು ಸಹಜ. ಮಾಲೂರಿನ ದೃಷ್ಟಿಯಿಂದ ಇದು ತಲೆಕೆಳಗು: ಹತ್ತು ದಾರಿಯಿರುವವರಿಗೆ ಹನ್ನೊಂದನೆಯದು, ಒಂದೇ ದಾರಿಯಿದ್ದವರಿಗೆ ಕಾಯುವ ಪಾಳಿ.

ಆದ್ದರಿಂದ ಕೇಳಬೇಕಾದ ನ್ಯಾಯ ಇಷ್ಟೇ. ಎ.ಎಂ. ಅಲೆ ಚಿರಂಜೀವಿಯಾಗಬೇಕೆಂದು ಯಾರೂ ಹಟ ಹಿಡಿಯಬೇಕಾಗಿಲ್ಲ. ಮಾಲೂರಿನ ಸಂತೆಯ ದಿನ ಕೂಲಿಯವನೊಬ್ಬ ತನ್ನ ಸಂಪಾದನೆಯಲ್ಲಿ ಕೊಳ್ಳಬಹುದಾದ ಡಿಜಿಟಲ್ ಸೆಟ್ಟು ಬರುವವರೆಗೆ ಹಳೆಯ ಅಲೆಯನ್ನು ನಿಲ್ಲಿಸಬಾರದು. ಹೊಸ ಅಲೆಯಲ್ಲಿ ಸಿಗುವ ಎರಡನೆಯ ಕಾರ್ಯಕ್ರಮದ ಜಾಗವನ್ನು ಹಾಡುಗಳ ಪುನರಾವರ್ತನೆಗೆ ಕೊಡದೆ, ಆಯಾ ಸೀಮೆಯ ಮಾತಿಗೆ, ಕೋಲಾರದ ತೆಲುಗು ಬೆರೆತ ಕನ್ನಡಕ್ಕೂ ಸೇರಿಸಿ, ಕೊಡಬೇಕು. ಮತ್ತು ಬಾನುಲಿಗಾಗಿ ಬರೆಯುವವರು, ಕೇಳುಗರ ಎಣಿಕೆ ಕೈಗೆ ಬಂದರೂ ಬರಲಿ, ಅದನ್ನು ಮರೆತು ಬರೆಯುವುದನ್ನು ಕಲಿಯಬೇಕು. ಅಲೆ ಬದಲಾದರೆ ಬಾನುಲಿಗೆ ಹಾನಿಯಿಲ್ಲ. ಕೇಳುವವನ ಹೆಸರನ್ನು ವಿಚಾರಿಸದೆ ಎಲ್ಲರಿಗೂ ಮಾತನಾಡುವ ಔದಾರ್ಯ ಹೋದರೆ, ಧ್ವನಿ ಎಷ್ಟು ಸ್ವಚ್ಛವಾಗಿದ್ದರೂ ಅದನ್ನು ಆಕಾಶವಾಣಿಯೆಂದು ಕರೆಯುವುದು ಕಷ್ಟ.