ತೈಲದ ವೆಚ್ಚ: ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಚಿತ್ರಗಳನ್ನು ಕುರಿತು

ಬೆಥಾನಿಯದಲ್ಲಿ ಪ್ರಭುವಿನ ಶಿರಸ್ಸಿನ ಮೇಲೆ ಸುಗಂಧತೈಲವನ್ನು ಸುರಿದ ಸ್ತ್ರೀಯನ್ನು ಸುತ್ತಲಿದ್ದವರು ಗದರಿಸಿದರು. ಮುನ್ನೂರು ದಿನಾರಿಗೂ ಮಿಗಿಲಾದ ಬೆಲೆಗೆ ಅದನ್ನು ಮಾರಿ ಬಡವರಿಗೆ ಹಂಚಬಹುದಿತ್ತೆಂಬುದು ಅವರ ಆಕ್ಷೇಪ. ಪ್ರಭು ಅವಳ ಕಾರ್ಯವನ್ನು 'ಕಲೋನ್' ಎಂದರೆಂದು ಮಾರ್ಕನ ಗ್ರೀಕ್ ಮೂಲ ಹೇಳುತ್ತದೆ. ಆ ಪದಕ್ಕೆ ಒಳಿತು, ಚೆಲುವು ಎರಡೂ ಅರ್ಥಗಳುಂಟು. ಆದರೂ ಆ ಆಕ್ಷೇಪ ಅಡಗಿಲ್ಲ. ಅಲಂಕೃತ ದೇವಾಲಯವನ್ನು ಕಂಡಾಗ ಇಂದಿಗೂ ಅದು ನಮ್ಮ ಮನಸ್ಸಿನಲ್ಲಿ ಏಳುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಚಿತ್ರಗಳನ್ನು ಈ ಆಕ್ಷೇಪದ ಎದುರಿನಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಇಟಲಿಯ ಬೆರ್ಗಾಮೋ ಸಮೀಪದ ಸ್ಟೆಜ್ಜಾನೋದಲ್ಲಿ 1854ರಲ್ಲಿ ಜನಿಸಿದ ಯೇಸುಸಭೆಯ ಸಹೋದರ ಆಂತೋನಿಯೊ ಮೊಸ್ಕೇನಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಂಗಳೂರಿಗೆ ಬಂದು ಈ ಪ್ರಾರ್ಥನಾಲಯದ ಒಳಭಾಗವನ್ನೆಲ್ಲ ಚಿತ್ರಗಳಿಂದ ತುಂಬಿದರು. ಗೋಡೆಯ ಮೇಲಿನವು ಭಿತ್ತಿಚಿತ್ರಗಳು. ಚಾವಣಿಯವು ಕ್ಯಾನ್ವಾಸಿನ ಮೇಲೆ ರಚಿಸಿದ ತೈಲಚಿತ್ರಗಳು. 1905ರಲ್ಲಿ ಅವರು ಕೊಚ್ಚಿಯಲ್ಲಿ ನಿಧನರಾದರು.

ಭಿತ್ತಿಚಿತ್ರದ ವಿಧಾನವೇ ಒಂದು ಧ್ಯಾನಕ್ಕೆ ಎಡೆಗೊಡುತ್ತದೆ. ಹಸಿ ಸುಣ್ಣದ ಗಾರೆ ಆರುವ ಮೊದಲೇ ಅದರ ಮೇಲೆ ಬಣ್ಣ ಹಚ್ಚಬೇಕು. ಸುಣ್ಣವು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ಕಲ್ಲಾಗುವಾಗ ಬಣ್ಣವೂ ಅದರೊಳಗೆ ಸೇರಿಹೋಗುತ್ತದೆ. ತಪ್ಪಾದರೆ ಗಾರೆಯನ್ನೇ ಕೆತ್ತಿ ತೆಗೆಯಬೇಕು. ಕಲಾವಿದನ ಸ್ವಾತಂತ್ರ್ಯ ಇಲ್ಲಿ ಸುಣ್ಣದ ಗಡುವಿಗೆ ವಿಧೇಯವಾಗಿದೆ. ಚಿತ್ರವು ಗೋಡೆಗೆ ತೊಡಿಸಿದ ಉಡುಪಲ್ಲ, ಗೋಡೆಯೇ ಚಿತ್ರವಾಗಿದೆ. ವಾರ್ತೆಯು ಮಾಂಸವನ್ನು ಉಡುಪಿನಂತೆ ಧರಿಸದೆ ತಾನೇ ಮಾಂಸವಾಯಿತೆಂದು ಸಾರುವ ಧರ್ಮಸಭೆಗೆ ಈ ಹೋಲಿಕೆ ಅಪರಿಚಿತವಲ್ಲ.

ಆದರೆ ಆಕ್ಷೇಪಕ್ಕೆ ನಿಜವಾದ ಉತ್ತರ ದೊರೆಯುವುದು ಚಾವಣಿಯಲ್ಲಿ. ಅಲ್ಲಿ ಸಂತ ಅಲೋಶಿಯಸ್ ಗೊನ್ಜಾಗರ ಜೀವನವಿದೆ: ಕಾರ್ಲೋ ಬೊರೋಮಿಯೊ ಅವರಿಂದ ಮೊದಲ ಪರಮಪ್ರಸಾದ, ಕಾಸ್ತಿಲಿಯೋನೆಯ ಉತ್ತರಾಧಿಕಾರದ ತ್ಯಾಗ, ರೋಮಿನಲ್ಲಿ ಪ್ಲೇಗ್ ಪೀಡಿತರ ಸೇವೆ, ಕೊನೆಗೆ ಸ್ವರ್ಗದ ಮಹಿಮೆ. ತ್ಯಾಗದಿಂದ ನೇರವಾಗಿ ಮಹಿಮೆಗೆ ಹಾರಲು ಕಲಾವಿದ ನಮ್ಮ ಕಣ್ಣನ್ನು ಬಿಡುವುದಿಲ್ಲ, ನಡುವೆ ರೋಗಿಗಳಿದ್ದಾರೆ. ಆ ಸೇವೆಯಲ್ಲೇ ರೋಗ ತಗುಲಿ ಅಲೋಶಿಯಸ್ 1591ರಲ್ಲಿ, ಇಪ್ಪತ್ತಮೂರರ ಪ್ರಾಯದಲ್ಲಿ ಮಡಿದರು. ಮೊಸ್ಕೇನಿಯವರ ಕಾಲದಲ್ಲಿ ಪ್ಲೇಗ್ ಬರಿಯ ಚರಿತ್ರೆಯ ಮಾತಾಗಿರಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿ 1898ರಲ್ಲಿ ಬೆಂಗಳೂರನ್ನು ತಲಪಿತ್ತು. ಚಾವಣಿಯತ್ತ ಕತ್ತೆತ್ತಿದ ಮೊದಲ ಪ್ರೇಕ್ಷಕರು ಮೂರು ಶತಮಾನಗಳ ಹಿಂದಿನ ರೋಮನ್ನಷ್ಟೇ ಅಲ್ಲ, ತಮ್ಮ ಕಾಲದ ಭಯವನ್ನೂ ಅಲ್ಲಿ ಕಂಡಿರಬೇಕು.

ಕೃತಿಯ ಮಿತಿಯನ್ನೂ ಮರೆಮಾಚಲಾಗದು. ಇದರ ಶೈಲಿ ಸಂಪೂರ್ಣವಾಗಿ ಯುರೋಪಿನದು. ಗೋಡೆಯ ಕಮಾನುಗಳಲ್ಲಿ ಚಿತ್ರಿತರಾದ ಸಂತರ ನಡುವೆ ಜಾನ್ ದೆ ಬ್ರಿಟ್ಟೋ ಇದ್ದಾರೆ. ತಮಿಳುನಾಡಿನಲ್ಲಿ ಸನ್ಯಾಸಿಯಂತೆ ಬಾಳಿ 1693ರಲ್ಲಿ ಓರಿಯೂರಿನಲ್ಲಿ ರಕ್ತಸಾಕ್ಷಿಯಾದವರು ಅವರು. ಬ್ರಿಟ್ಟೋ ಕೈಗೊಂಡ ಆ ಯಾತ್ರೆಯನ್ನು ಅವರನ್ನು ಚಿತ್ರಿಸಿದ ಕುಂಚ ಕೈಗೊಳ್ಳಲಿಲ್ಲ. ಈ ನೆಲದ ರೂಪಕಗಳಲ್ಲಿ ಕ್ರಿಸ್ತನನ್ನು ಕಾಣುವ ಕೆಲಸ, ಬೆಂಗಳೂರಿನ ಬಳಿಯ ಸಿಲ್ವೇಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿಯವರಂಥ ನಂತರದ ಕಲಾವಿದರಿಗೆ ಉಳಿಯಿತು. ಮೊಸ್ಕೇನಿಯವರನ್ನು ಮೆಚ್ಚುವವರು ಅವರನ್ನು ಅನುಕರಿಸಬೇಕಾಗಿಲ್ಲ.

ಹಾಗಾದರೆ ಬೆಥಾನಿಯ ಆಕ್ಷೇಪ ಪೂರ್ತಿ ಸುಳ್ಳೇ? ಅಲ್ಲ. ಆ ಸ್ತ್ರೀ ತೈಲ ಸುರಿದದ್ದು ಮರಣದತ್ತ ನಡೆದಿದ್ದ ದೇಹದ ಮೇಲೆ. ಅದರಿಂದಲೇ ಅವಳ ಕಾರ್ಯ ಸುಂದರ. ಯಾತನೆಯ ದೇಹವನ್ನು ಮರೆಸುವ ಚೆಲುವು, ಎಷ್ಟೇ ಭಕ್ತಿಯಿಂದ ಮೂಡಿದ್ದರೂ, ವ್ಯರ್ಥ ವೆಚ್ಚವೇ ಸರಿ. ನಮ್ಮ ಬಲಿಪೂಜೆ, ಸಂಗೀತ, ಪ್ರಬೋಧನೆಗಳಿಗೂ ಇದೇ ಒರೆಗಲ್ಲು. ಈ ಪ್ರಾರ್ಥನಾಲಯಕ್ಕೆ ಅತಿಥಿಗಳನ್ನು ಕರೆದೊಯ್ಯುವ ಗುರುಗಳು ಸ್ವರ್ಗದ ಮಹಿಮೆಯನ್ನು ತೋರಿಸುವ ಮುನ್ನ ರೋಗಿಗಳ ಚಿತ್ರದ ಕೆಳಗೆ ತುಸು ಹೊತ್ತು ನಿಲ್ಲಲಿ. ಅಲ್ಲಿಂದ ಹೊರಬಂದವನ ಹೆಜ್ಜೆ ಆಸ್ಪತ್ರೆಯತ್ತ ತಿರುಗಿದರೆ ಮೊಸ್ಕೇನಿಯವರ ಶ್ರಮ ಸಾರ್ಥಕ.