ಜೂನಿಯಸ್ ಪತ್ರಗಳ ವಿಮರ್ಶೆ

ಕ್ರಿ. ಶ. 1769ನೆಯ ಜನವರಿ 21ರಿಂದ ಮೂರು ವರ್ಷಗಳ ಕಾಲ ಲಂಡನ್ನಿನ ‘ಪಬ್ಲಿಕ್ ಅಡ್ವರ್ಟೈಸರ್’ ಎಂಬ ವೃತ್ತಪತ್ರಿಕೆಯಲ್ಲಿ ‘ಜೂನಿಯಸ್’ ಎಂಬ ಅಂಕಿತದಿಂದ ಪ್ರಕಟವಾದ ರಾಜಕೀಯ ಪತ್ರಗಳು ಆಂಗ್ಲ ಗದ್ಯದಲ್ಲಿ ಸುಪ್ರಸಿದ್ಧವಾಗಿವೆ. ವಿದ್ವಾಂಸರ ಶ್ರಮವು ಬಹುಮಟ್ಟಿಗೆ ಕರ್ತೃನಿರ್ಣಯಕ್ಕೇ ವಿನಿಯೋಗವಾಗಿದೆ. ಹೆಸರಿಲ್ಲದವನ ಮಾತಿಗೆ ಅಷ್ಟು ಪ್ರಾಮಾಣ್ಯವು ಎಲ್ಲಿಂದ ಬಂದಿತೆಂಬುದೂ ವಿಚಾರಾರ್ಹವಾಗಿದೆ.

ನೈಯಾಯಿಕರ ಮತದಲ್ಲಿ ಆಪ್ತನ ಉಪದೇಶವೇ ಶಬ್ದಪ್ರಮಾಣವು. ಆಪ್ತನೋ ಅಲ್ಲವೋ ಎಂದು ನಿಶ್ಚಯಿಸಲು ವಕ್ತೃವು ಯಾರೆಂದು ತಿಳಿದಿರಬೇಕಷ್ಟೆ. ಮೀಮಾಂಸಕರಾದರೋ ವೇದಕ್ಕೆ ಅಪೌರುಷೇಯತ್ವದಿಂದಲೇ ಪ್ರಾಮಾಣ್ಯವನ್ನು ಹೇಳುವರು. ಪುರುಷನಿಲ್ಲದೆಡೆಯಲ್ಲಿ ಪುರುಷದೋಷಕ್ಕೆ ಅವಕಾಶವಿಲ್ಲ. ಜೂನಿಯಸ್ಸನು ಬಯಸಿದುದು ಈ ಎರಡನೆಯ ಫಲವನ್ನು. ಬರೆದವನ ಪಕ್ಷ, ಲೋಭ, ದ್ವೇಷಗಳು ಕಾಣದೆ ಹೋದುದರಿಂದ ರಾಷ್ಟ್ರವೇ ನುಡಿಯುತ್ತಿದೆಯೆಂಬ ಭ್ರಾಂತಿಯು ಹುಟ್ಟುತ್ತಿದ್ದಿತು. ಆದರೆ ಇಲ್ಲಿ ಕರ್ತೃವು ಇಲ್ಲದೆ ಇರಲಿಲ್ಲ, ಮರೆಯಲ್ಲಿದ್ದನು, ಅಷ್ಟೆ.

ಸರ್ ವಿಲಿಯಂ ಡ್ರೇಪರನು 1762ರಲ್ಲಿ ಮನಿಲಾ ನಗರವನ್ನು ಗೆದ್ದ ಸೇನಾನಿ. ಮಿತ್ರನಾದ ಗ್ರ್ಯಾನ್ಬಿಯ ದೂಷಣೆಯನ್ನು ಸಹಿಸದೆ ಆತನು ಸ್ವಂತ ಹೆಸರಿನಿಂದಲೇ ಉತ್ತರವಿತ್ತನು. ಜೂನಿಯಸ್ಸನು ಗ್ರ್ಯಾನ್ಬಿಯ ವಿಷಯಕ್ಕೆ ನಿಲ್ಲದೆ, ಮನಿಲಾ ನಗರದಿಂದ ಸೈನಿಕರಿಗೆ ಬರಬೇಕಾಗಿದ್ದ ಧನವನ್ನು ಡ್ರೇಪರನು ಸ್ವಂತ ಮಾನ್ಯತೆಗಾಗಿ ಕೈಬಿಟ್ಟನೆಂದು ಆಕ್ಷೇಪಿಸಿದನು. ಹೆಸರುಳ್ಳವನ ಬಾಳೆಲ್ಲ ಬಯಲಿನಲ್ಲಿದ್ದಿತು. ಪ್ರತಿವಾದಿಯದು ಇಂದ್ರಜಿತ್ತಿನ ಯುದ್ಧ.

ರೀತಿಯ ವಿಷಯದಲ್ಲಿ ಮಾತ್ರ ಪ್ರಶಂಸೆಯೇ ಯುಕ್ತವು. ಒಂದು ವಾಕ್ಯಾಂಗಕ್ಕೆ ಮತ್ತೊಂದು ಪ್ರತಿಯಾಗಿ ನಿಂತು, ಕೊನೆಯ ಪದದಲ್ಲಿ ವಿಷವನ್ನಿರಿಸುವ ಆ ಓಜಸ್ಸು ಅನ್ಯರಲ್ಲಿ ವಿರಳ. 1769ನೆಯ ಡಿಸೆಂಬರ್ 19ರಂದು ಮೂರನೆಯ ಜಾರ್ಜ್ ದೊರೆಯನ್ನು ಕುರಿತು ಬರೆದ ಪತ್ರದಲ್ಲಿ, ಸತ್ಯವಂತನೊಬ್ಬನು ರಾಜಸನ್ನಿಧಿಯಲ್ಲಿ ಬಿನ್ನವಿಸುವಂತೆ ಕಲ್ಪನೆಯಿದೆ. ಹೊರಗೆ ವಿನಯ, ಒಳಗೆ, ಒಂದು ಕ್ರಾಂತಿಯಿಂದ ಬಂದ ಕಿರೀಟವು ಇನ್ನೊಂದರಿಂದ ಹೋಗಬಹುದೆಂಬ ಸೂಚನೆ. ಗ್ರ್ಯಾಫ್ಟನ್ನನ ಮಂತ್ರಿತ್ವವನ್ನು ಬಿಟ್ಟು ಆತನ ವಂಶದ ಅಕ್ರಮಸಂಬಂಧವನ್ನು ಕೆದಕುವಲ್ಲಿ ಔಚಿತ್ಯಭಂಗವು ಸ್ಪಷ್ಟವಾಗಿದೆ. ಅದರಿಂದ ರಾಜ್ಯಕ್ಕೆ ಯಾವ ಉಪಕಾರವೂ ಇಲ್ಲ.

ದೊರೆಗೆ ಬರೆದ ಪತ್ರದ ಫಲವನ್ನು ಅನುಭವಿಸಿದವನು ಮುದ್ರಕನಾದ ವುಡ್‌ಫಾಲನು. 1770ರ ಜೂನ್ ತಿಂಗಳಲ್ಲಿ ವಿಚಾರಣೆ ನಡೆಯಿತು. ಮುದ್ರಿಸಿ ಪ್ರಕಟಿಸಿದನೇ, ಮಾತುಗಳ ಅರ್ಥವೇನು ಎಂಬುದಷ್ಟೇ ಜೂರಿಯವರ ಅಧೀನ. ಬರೆಹವು ರಾಜದ್ರೋಹಕರವೇ ಎಂಬ ನಿರ್ಣಯವು ನ್ಯಾಯಾಧೀಶನದು ಎಂದು ಲಾರ್ಡ್ ಮ್ಯಾನ್ಸ್‌ಫೀಲ್ಡನು ವಿಧಿಸಿದನು. ಜೂರಿಯವರು ‘ಮುದ್ರಿಸಿ ಪ್ರಕಟಿಸಿದುದರಲ್ಲಿ ಮಾತ್ರ’ ಅಪರಾಧಿಯೆಂದರು! ಆ ‘ಮಾತ್ರ’ ಶಬ್ದದಿಂದ ತೀರ್ಪೇ ನಿಷ್ಫಲವಾಯಿತು. ಇಡೀ ವಿಷಯವನ್ನು ಜೂರಿಯೇ ನಿರ್ಣಯಿಸಬಹುದೆಂದು 1792ರಲ್ಲಿ ಶಾಸನವಾಯಿತು. ಪತ್ರಗಳ ನಿಜವಾದ ಉಪಕಾರವನ್ನು ಇಲ್ಲಿ ಎಣಿಸಬೇಕು. ಅದರಲ್ಲಿ ಲೇಖಕನಿಗಿಂತ ಆ ಹನ್ನೆರಡು ಮಂದಿಯ ಪಾಲು ಹೆಚ್ಚು.

ಕರ್ತೃವು ಯುದ್ಧ ಇಲಾಖೆಯ ಗುಮಾಸ್ತನಾಗಿದ್ದ ಫಿಲಿಪ್ ಫ್ರಾನ್ಸಿಸನೆಂದು 1816ರಲ್ಲಿ ಜಾನ್ ಟೇಲರನು ವಾದಿಸಿದನು. 1962ರಲ್ಲಿ ಸ್ವೀಡನ್ನಿನ ಅಲ್ವಾರ್ ಎಲೆಗೋರ್ಡನು ಪದಪ್ರಯೋಗಗಳನ್ನು ಎಣಿಸಿ ಅದನ್ನೇ ಸಮರ್ಥಿಸಿದನು. ಈ ಮತವೇ ಬಹುಜನಾಂಗೀಕೃತವಾಗಿದ್ದರೂ ಫ್ರಾನ್ಸಿಸನು ಒಪ್ಪಿಕೊಳ್ಳದೆಯೇ 1818ರಲ್ಲಿ ಮೃತನಾದನು. ಈ ಫ್ರಾನ್ಸಿಸನೇ 1774ರಲ್ಲಿ ಕಲಕತ್ತೆಯ ಆಡಳಿತ ಸಭೆಯ ಸದಸ್ಯನಾಗಿ ಬಂದು, ವಾರನ್ ಹೇಸ್ಟಿಂಗ್ಸನ ವಿರುದ್ಧ ತನ್ನ ಹೆಸರಿನಿಂದಲೇ ಆಕ್ಷೇಪಪತ್ರಗಳನ್ನು ಬರೆದನು. ಆ ವಿರೋಧವು 1780ನೆಯ ಆಗಸ್ಟ್ 17ರಂದು ದ್ವಂದ್ವಯುದ್ಧಕ್ಕೆ ತಿರುಗಿ, ಹೇಸ್ಟಿಂಗ್ಸನ ಗುಂಡು ಫ್ರಾನ್ಸಿಸನಿಗೆ ತಗುಲಿತು.