ಬ್ಯಾಡಗಿ ಮೆಣಸಿನಕಾಯಿಗೆ ಯಾವ ಪರದೆ ಸರಿ?

ಬ್ಯಾಡಗಿಯ ನಮ್ಮ ಮನೆಯ ಅಟ್ಟದಲ್ಲಿ ಒಂದು ವಿಎಚ್‌ಎಸ್ ಕ್ಯಾಸೆಟ್ ಇದೆ. 1994ರಲ್ಲಿ ಅಮೆರಿಕದ ಮಾಮಾ ಕಳಿಸಿದ್ದು. ಆ ವರ್ಷ ಅಜ್ಜಿ ಆರು ತಿಂಗಳು ಅವರ ಮನೆಯಲ್ಲಿದ್ದಳು. ಅಲ್ಲಿನ ಅಡುಗೆಮನೆಯಲ್ಲಿ ಕೂತು, ಊರಿಂದ ಒಯ್ದ ಮೆಣಸಿನಕಾಯಿ ತೊಟ್ಟು ಮುರೀತಾ, ಕ್ಯಾಮೆರಾ ಕಡೆ ನೋಡಿ ನಮ್ಮ ಒಬ್ಬೊಬ್ಬರ ಹೆಸರು ಹಿಡಿದು ಮಾತಾಡಿದ್ದಾಳೆ. ಹನ್ನೊಂದು ನಿಮಿಷ. ಅವಳ ದನಿ ಉಳಿದಿರೋದು ಅದೊಂದರಲ್ಲೇ.

ಮೊದಲ ಸಲ ಹಾಕಿದಾಗ ಓಣಿಯ ಅರ್ಧ ಜನ ನಮ್ಮ ಪಡಸಾಲೆಯಲ್ಲಿದ್ದರು. ದುಬೈಯಿಂದ ಬಂದಿದ್ದ ಪಕ್ಕದ ಮನೆಯವರ ವಿಸಿಆರ್, ನಮ್ಮ ಟಿವಿ. ಚಿತ್ರ ಬಂತು, ಆದರೆ ಕಪ್ಪು ಬಿಳುಪು, ಅದೂ ಗಿರಣಿ ಪಟ್ಟಿಯ ಹಾಗೆ ಮೇಲಕ್ಕೆ ಸುತ್ತುತ್ತಾ. ಅಪ್ಪ ಟಿವಿ ಹಿಂದಿನ ತಿರುಪು ತಿರುಗಿಸಿ ಸುತ್ತೋದನ್ನ ನಿಲ್ಲಿಸಿದರು. ಅಜ್ಜಿಯ ಮುಖ ಮೇಲೆ ಕೆಳಗೆ ಒತ್ತಿದಂತಿತ್ತು, ಮೆಣಸಿನಕಾಯಿ ಇದ್ದಿಲಿನ ಚೂರು. "ಅಮೆರಿಕಾದಾಗ ಇನ್ನೂ ಕಲರ್ ಬಂದಿಲ್ಲೇನ್ರಿ?" ಅಂತ ಯಾರೋ ಕೇಳಿದರು.

ಬಂದಿತ್ತು, ನಮಗಿಂತ ಬಹಳ ಮೊದಲೇ. ಅಲ್ಲಿನ ಬಣ್ಣದ ಪದ್ಧತಿ ಎನ್‌ಟಿಎಸ್‌ಸಿಗೆ ಒಪ್ಪಿಗೆ ಸಿಕ್ಕಿದ್ದು 1953ರಲ್ಲಿ. ನಾವು 1982ರಲ್ಲಿ, ಏಷ್ಯಾಡ್ ವರ್ಷ, ಜರ್ಮನಿಯಲ್ಲಿ ಹುಟ್ಟಿದ ಪಾಲ್ ಪದ್ಧತಿಯಲ್ಲಿ ಬಣ್ಣಕ್ಕೆ ಬಂದೆವು. ನಮ್ಮದು 625 ಗೆರೆ, ಸೆಕೆಂಡಿಗೆ 50 ಸಲ. ಅವರದು 525 ಗೆರೆ, 60 ಸಲ. ಎರಡು ದೇಶದ ಕರೆಂಟಿನ ಲೆಕ್ಕವೇ ಟಿವಿಗೂ ಬಂದಿದ್ದು. ತಮಾಷೆ ಅಂದರೆ ಸೆಕೆಂಡಿಗೆ ಎಳೆಯೋ ಗೆರೆಗಳ ಲೆಕ್ಕ ಹೆಚ್ಚುಕಡಿಮೆ ಒಂದೇ: ನಮ್ಮದು 15,625, ಅವರದು ಸುಮಾರು 15,734. ಅದಕ್ಕೇ ಹಳೆ ಟಿವಿ ಅಷ್ಟಿಷ್ಟು ಹೊಂದಿಕೊಂಡು ಚಿತ್ರ ಕೊಟ್ಟುಬಿಡುತ್ತೆ. ಬಣ್ಣವನ್ನ ಕಟ್ಟಿ ಕಳಿಸೋ ರೀತಿ ಮಾತ್ರ ಬೇರೆ. ಪಾಲ್ ಒಂದನ್ನೇ ಬಲ್ಲ ಟಿವಿಗೆ ಆ ಗಂಟು ಬಿಚ್ಚೋಕೆ ಬರಲ್ಲ.

ಈಗ ಬೆಂಗಳೂರಿನಲ್ಲಿ ನನ್ನ ಆಫೀಸಿನ ಹುಡುಗರಿಗೆ ಹಳೆ ಟ್ಯೂಬ್ ಪರದೆಗಳ ಹುಚ್ಚು ಹಿಡಿದಿದೆ. ಹಳೆ ವಿಡಿಯೊ ಗೇಮ್ ಆಡೋಕೆ. ಅವರ ಪಾಲಿಗೆ ಸ್ಟುಡಿಯೊಗಳಲ್ಲಿದ್ದ ಸೋನಿ ಪಿವಿಎಂ ಮಾನಿಟರ್ ಅಂದ್ರೆ ದೇವರು, ಉಳಿದದ್ದೆಲ್ಲ ಗುಜರಿ. ನಾನೂ ಅದನ್ನ ನಂಬಿದ್ದೆ. ಹೋದ ದೀಪಾವಳಿಗೆ ಊರಿಗೆ ಹೋದಾಗ, ಪಕ್ಕದ ಮನೆಯ ಅದೇ ವಿಸಿಆರ್ ಇಸಕೊಂಡು, ಕ್ಯಾಸೆಟ್ ಜೊತೆಗೆ ಅವ್ವನನ್ನೂ ಕಾರಲ್ಲಿ ಕೂರಿಸಿಕೊಂಡು ಪರೀಕ್ಷೆಗೆ ಹೊರಟೆ.

ಅಟ್ಟದಲ್ಲಿದ್ದ ಹಳೆ ಕಂಪ್ಯೂಟರ್ ಮಾನಿಟರ್ ಮನೆಯಲ್ಲೇ ಫೇಲಾಯಿತು. ವಿಜಿಎ ಮಾನಿಟರಿಗೆ ಸೆಕೆಂಡಿಗೆ ಸುಮಾರು 31,500 ಗೆರೆ ಬೇಕು, ವಿಸಿಆರ್ ಕೊಡೋದು ಅದರ ಅರ್ಧ. ನಡುವೆ ಒಂದು ಅಗ್ಗದ ಡಬ್ಬಿ ಸಿಕ್ಕಿಸಿ ನೋಡಿದೆ, ಕೈ ಅಲ್ಲಾಡಿದಲ್ಲೆಲ್ಲ ಬಾಚಣಿಗೆ ಹಲ್ಲು. ಟ್ಯೂಬ್ ಇದ್ದ ಮಾತ್ರಕ್ಕೆ ಎಲ್ಲ ಹಳೆ ಪರದೆಗಳೂ ಒಂದೇ ಅಲ್ಲ ಅನ್ನೋದು ಹೊಸಬರಿಗೆ ಹೊಳೆಯೋದು ಹೀಗೆ ದುಡ್ಡು ಕಳಕೊಂಡ ಮೇಲೆ.

ರಾಣೆಬೆನ್ನೂರಿನಲ್ಲಿ ಮದುವೆ ವಿಡಿಯೊ ಮಾಡ್ತಿದ್ದ ಒಬ್ಬರ ಸ್ಟುಡಿಯೊದಲ್ಲಿ 14 ಇಂಚಿನ ಪಿವಿಎಂ ಇನ್ನೂ ಜೀವಂತವಾಗಿದೆ. ಪಾಲ್, ಎನ್‌ಟಿಎಸ್‌ಸಿ ಎರಡನ್ನೂ ತಾನೇ ಗುರುತು ಹಿಡಿಯಿತು. ಚಿತ್ರ ಸುತ್ತಲಿಲ್ಲ, ಒತ್ತಲಿಲ್ಲ, ಬಣ್ಣ ಬಂತು. ಮೂವತ್ತು ವರ್ಷದ ಮೇಲೆ ಮೊದಲ ಸಲ. ಸ್ಟುಡಿಯೊದವರೇ ತೆಗೆದಿದ್ದ ಹಳೆ ಮದುವೆ ಕ್ಯಾಸೆಟ್ಟನ್ನೂ ಹಾಕಿ ತೋರಿಸಿದರು. ಅದು ಪಾಲ್, ಮಾಲೆಯ ಒಂದೊಂದು ಹೂವೂ ಎಣಿಸಬಹುದಿತ್ತು. ಅಂಥ ಕೆಲಸಕ್ಕೆ ಇದನ್ನು ಮೀರಿಸೋದಿಲ್ಲ. ಗೇಮ್ ಹುಡುಗರು ಹೇಳೋದರಲ್ಲಿ ಸುಳ್ಳಿಲ್ಲ.

ಆದರೆ ಅಜ್ಜಿಯ ಕ್ಯಾಸೆಟ್ಟಿಗೆ? ಬಣ್ಣದ ಪಟ್ಟಿ ಹಾಕಿ ಕರಾರುವಾಕ್ಕಾಗಿ ಹೊಂದಿಸಿದ ಮಾನಿಟರ್ ಅದು. ಅದರಲ್ಲಿ ಮೆಣಸಿನಕಾಯಿ ಕಿತ್ತಳೆ ಬಣ್ಣಕ್ಕಿತ್ತು. ಅವ್ವ ಪರದೆ ಮುಂದೆ ಬಗ್ಗಿ ನೋಡಿ, "ಇದು ನಮ್ಮ ಕಾಯಿ ಅಲ್ಲಪಾ" ಅಂದಳು. ಕ್ಯಾಮೆರಾ ಆ ಮನೆಯ ಟ್ಯೂಬ್‌ಲೈಟಿಗೆ ಮೋಸ ಹೋಗಿತ್ತು. ಮಾನಿಟರ್ ಆ ಮೋಸವನ್ನ ಚೂರೂ ಮುಚ್ಚಿಡದೆ ತೋರಿಸಿತು. ಕ್ಯಾಸೆಟ್ಟಿನಲ್ಲಿ ಏನಿದೆ ಅಂತ ಕೇಳಿದರೆ ಅದರದ್ದೇ ಸರಿ ಉತ್ತರ. ನಾವು ಕೇಳಲು ಹೋಗಿದ್ದು ಅದನ್ನಲ್ಲ. "ಫೇಸ್ ಗುಂಡಿ ತಿರುಗಿಸಲೇನ್ರಿ?" ಅಂದದ್ದಕ್ಕೆ ಸ್ಟುಡಿಯೊದವರು ಬಿಡಲಿಲ್ಲ. ಹೊಂದಿಸಿಟ್ಟಿದ್ದು ಕೆಡುತ್ತೆ ಅಂತ. ಅವರ ಜಾಗದಲ್ಲಿ ನಾನಿದ್ದರೂ ಬಿಡ್ತಿರಲಿಲ್ಲ.

ಕೊನೆಗೆ ಹಾವೇರಿಗೆ ಹೋದೆವು, ಅಪ್ಪನ ಕಾಲದಿಂದ ಗುರುತಿರೋ ಟಿವಿ ರಿಪೇರಿ ಕಾಕಾನ ಅಂಗಡಿಗೆ. ಅಲ್ಲಿ ಗಲ್ಫಿನಿಂದ ಯಾರೋ ತಂದು, ಬೇಡವಾಗಿ ಬಿಟ್ಟುಹೋದ 21 ಇಂಚಿನ ಮಲ್ಟಿಸಿಸ್ಟಮ್ ಟಿವಿ ಇದೆ. ಕಥೆ ಕೇಳಿ ಕಾಕಾ ನಕ್ಕರು: "ಅದು ನಿಮ್ಮ ಟಿವಿದ್ ತಪ್ಪಲ್ಲೋ ತಮ್ಮಾ, ದೇಶದ್ದು."

ಸ್ಪಷ್ಟತೆಯಲ್ಲಿ ಈ ಟಿವಿ ಪಿವಿಎಂ ಹತ್ತಿರಕ್ಕೂ ಸುಳಿಯಲ್ಲ. ಅಂಚಿಗೆ ಗೆರೆ ಡೊಂಕು. ಕೆಂಪು ಬಲಕ್ಕೆ ಸೋರುತ್ತೆ, ಅದು ಮಾತ್ರ ವಿಎಚ್‌ಎಸ್ ಗುಣ. ಬೆಳಕಿಗೆ ಕೊಟ್ಟ ಜಾಗವನ್ನ ಅದು ಬಣ್ಣಕ್ಕೆ ಕೊಟ್ಟಿಲ್ಲ. ಆದರೆ ಇದರಲ್ಲಿ ಟಿಂಟ್ ಇದೆ, ಎನ್‌ಟಿಎಸ್‌ಸಿ ಬಂದಾಗ ಮಾತ್ರ ಕೆಲಸ ಮಾಡೋದು. ಪಾಲ್‌ಗೆ ಅದು ಬೇಕಿಲ್ಲ, ಗೆರೆ ಬಿಟ್ಟು ಗೆರೆ ತಿರುವು ಹಾಕಿ ದಾರಿಯಲ್ಲಾದ ಬಣ್ಣದ ತಪ್ಪನ್ನ ತಾನೇ ಸರಿಮಾಡಿಕೊಳ್ಳುತ್ತೆ. ಎನ್‌ಟಿಎಸ್‌ಸಿಯಲ್ಲಿ ಒಂದೇ ಬಣ್ಣ ಎರಡು ಸಲ ಬರಲ್ಲ ಅಂತ ಎಂಜಿನಿಯರುಗಳು ಗೇಲಿ ಮಾಡ್ತಿದ್ದರು. ಆ ಗೇಲಿಗೆ ಕಾರಣವಾದ ಗುಂಡಿಯೇ ಆವತ್ತು ನಮಗೆ ಬೇಕಾಗಿತ್ತು.

ಅವ್ವ ಚೀಲದಿಂದ ಒಂದು ಮೆಣಸಿನಕಾಯಿ ತೆಗೆದಳು. ಮನೆಯಿಂದಲೇ ತಂದಿದ್ದಳು, ನನಗೂ ಹೇಳದೆ. ಗಾಜಿಗೆ ತಾಗಿಸಿ ಹಿಡಿದು, "ಇನ್ನ ಸ್ವಲ್ಪ ತಿರಗಸ್ರಿ... ಹಾಂ, ಇನ್ನೊಂದೀಟು" ಅಂತ ಕಾಕಾನಿಗೆ ಹೇಳ್ತಾ ಹೋದಳು. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ, 2011ರಲ್ಲಿ ಜಿಐ ಮಾನ್ಯತೆ ಪಡೆದ ಕಾಯಿ. ಅದಕ್ಕಿಂತ ಒಳ್ಳೇ ಬಣ್ಣದ ಪಟ್ಟಿ ನಮ್ಮ ಜಿಲ್ಲೆಯಲ್ಲಿ ಎಲ್ಲಿ ಸಿಗಬೇಕು? ಕಿತ್ತಳೆ ನಿಧಾನಕ್ಕೆ ಕಡುಗೆಂಪಾಯಿತು. ಅಜ್ಜಿಯ ಮುಖಕ್ಕೂ ರಕ್ತ ಬಂತು.

ಮಾಮಾ ಇದೇ ಕ್ಯಾಸೆಟ್ಟಿನ ಪ್ರತಿಯೊಂದನ್ನ ನಗರದ ಒಂದು ಅಂಗಡಿಯಲ್ಲಿ ಫೈಲ್ ಮಾಡಿಸಿ ಎಲ್ಲರಿಗೂ ಕಳಿಸಿದ್ದಾರೆ. ಅದನ್ನೂ ನೋಡಿದ್ದೇನೆ. 4:3 ಚಿತ್ರವನ್ನ ಅಗಲದ ಟಿವಿಗೆ ಎಳೆದು ಹಿಗ್ಗಿಸಿ ಅಜ್ಜಿಯನ್ನ ದಪ್ಪ ಮಾಡಿದ್ದಾರೆ. ಸೆಕೆಂಡಿಗೆ 60 ಸಲ ಇದ್ದ ಚಲನೆಯನ್ನ 30ಕ್ಕೆ ಇಳಿಸಿ ಅವಳ ಬೆರಳುಗಳನ್ನ ಕುಂಟಿಸಿದ್ದಾರೆ. ಕಪ್ಪು ಬಿಳುಪಿನ ಆ ಮೊದಲ ದಿನವೇ ಇದಕ್ಕಿಂತ ವಾಸಿ, ಕಡೇಪಕ್ಷ ತೊಟ್ಟು ಮುರಿಯೋ ಕೈ ನಮ್ಮ ಅಜ್ಜಿಯದೇ ಆಗಿತ್ತು. ಕ್ಯಾಸೆಟ್ ಎಸೀಬೇಡಿ ಅಂತ ಮಾಮಾಗೆ ಹೇಳಿದ್ದೇನೆ.

ಕಾಕಾನ ಅಂಗಡಿಯಲ್ಲಿ ಆ ಹನ್ನೊಂದು ನಿಮಿಷವನ್ನ ಮೂರು ಸಲ ನೋಡಿದೆವು. ಮೂರನೇ ಸಲ ಅವ್ವ ಸೀರೆ ಮೇಲೆ ತಕರಾರು ತೆಗೆದಳು. ಪರದೆ ಮೇಲೆ ಹಳದಿ. ಅದು ಹಸಿರು ಇಳಕಲ್ ಸೀರೆ, ನಾನೇ ಉಡಿಸಿ ಕಳಿಸಿದ್ದು ಅಂತ. ಕಾಕಾ ಟಿಂಟ್ ಹಿಂದಕ್ಕೆ ತಂದರು, ಸೀರೆ ಹಸಿರಾಯಿತು, ಮೆಣಸಿನಕಾಯಿ ಮತ್ತೆ ಕಿತ್ತಳೆಗೆ ಹೋಯಿತು. ಅವ್ವ ಸುಮಾರು ಹೊತ್ತು ಯೋಚಿಸಿ, "ಕಾಯಿಗೇ ಇರ್ಲಿ ಬಿಡ್ರಿ" ಅಂದಳು.